ಸ್ಪೀಡ್ ಕ್ಯಾಮೆರಾ: ಜೀವ ಉಳಿಸೋಕಾ, ಖಜಾನೆ ತುಂಬಿಸೋಕಾ? ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳ ಬಗ್ಗೆ ಗುಂಪಿನಲ್ಲಿ ಜಗಳ ನಿಲ್ಲುತ್ತಲೇ ಇಲ್ಲ. ರಸ್ತೆ ಸುರಕ್ಷತೆ ತಪಾಸಣೆ ಮಾಡುವ ನಮ್ಮ ಸದಸ್ಯರೊಬ್ಬರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಹೆಸರು ಬೇಡ ಅಂದಿದ್ದಾರೆ, ಇಂಜಿನಿಯರ್ ಅಂತಲೇ ಕರೆಯೋಣ. ಮರ್ಯಾದೆಯಿಂದ ಕೇಳಿ.

ಕೆಂಗೇರಿ ಕಾರು: ಸರ್, ನೇರವಾಗಿ ಕೇಳುತ್ತೇನೆ. ಇದು ಸುರಕ್ಷತೆನಾ, ವಸೂಲಿನಾ?

ಇಂಜಿನಿಯರ್: ಎರಡೂ ಆಗಬಹುದು. ಕ್ಯಾಮೆರಾ ಎಲ್ಲಿದೆ ಅಂತ ನೋಡದೆ ಹೇಳೋಕಾಗಲ್ಲ. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ ವರದಿ 2010ರಲ್ಲಿ ಬಂತು. ಕ್ಯಾಮೆರಾ ಇರುವ ಕಡೆ ಅಪಘಾತ ಶೇಕಡ 8ರಿಂದ 49ರವರೆಗೆ ಇಳಿದಿತ್ತು. 8 ಎಲ್ಲಿ, 49 ಎಲ್ಲಿ! ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತ ಆ ವರದಿಯೇ ಹೇಳಿದೆ. ಆದರೂ ಇಳಿದದ್ದಂತೂ ನಿಜ.

ನಮ್ಮ ಮೈಸೂರು ರಸ್ತೆಗೆ ಬನ್ನಿ. ಪೊಲೀಸರ ಲೆಕ್ಕದಲ್ಲಿ 2023ರಲ್ಲಿ ಸತ್ತವರು 188 ಜನ. 2024ರಲ್ಲಿ 50ರ ಹತ್ತಿರ. ಇದೆಲ್ಲ ಕ್ಯಾಮೆರಾ ಮಹಿಮೆ ಅಂದರೆ ನಾನು ಒಪ್ಪಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಸ್ಪೀಡ್ ಗನ್ ಹಿಡಿದ ಪೊಲೀಸರು ಅದಕ್ಕೂ ಮುಂಚೆಯೇ ನಿಂತಿದ್ದರು. ಕ್ಯಾಮೆರಾ ಜಾಲ ಬಂದದ್ದು 2024ರ ನಡುವೆ. ಯಾವುದರಿಂದ ಎಷ್ಟು ಜೀವ ಉಳಿಯಿತು ಅಂತ ಬಿಡಿಸಿ ಹೇಳುವವರು ಇದ್ದರೆ ನನಗೂ ಹೇಳಿ.

ಬಸವನಗುಡಿ ಅಮ್ಮ: 105ಕ್ಕೆ ಹೋದರೆ ಚಲನ್ ಬೀಳುತ್ತಾ?

ಇಂಜಿನಿಯರ್: ಕಾರಿಗೆ ಮಿತಿ 100. 105 ಅಂದರೆ ಮಿತಿ ಮೀರಿದ ಹಾಗೆ. ಕಾರಿನ ಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಹಾಗಾಗಿ ಮೀಟರ್‌ನಲ್ಲಿ 100 ಇದ್ದರೆ ನೆಮ್ಮದಿಯಾಗಿ ಹೋಗಿ.

ಕೆಂಗೇರಿ ಕಾರು: ಟೋಲ್ ಕೊಟ್ಟು 100ರಲ್ಲಿ ಹೋಗಬೇಕಾ? ಎಕ್ಸ್‌ಪ್ರೆಸ್‌ವೇಗೆ 120 ಅಂತ ಕಾನೂನೇ ಇದೆ ಅಲ್ವಾ?

ಇಂಜಿನಿಯರ್: 2018ರ ಕೇಂದ್ರದ ಅಧಿಸೂಚನೆಯಲ್ಲಿ ಎಕ್ಸ್‌ಪ್ರೆಸ್‌ವೇಗೆ 120, ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಗೆ 100. ನಮ್ಮದನ್ನು ಎಲ್ಲರೂ ಎಕ್ಸ್‌ಪ್ರೆಸ್‌ವೇ ಅಂತಾರೆ. ಕಾಗದದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 275. ಟೋಲ್ ಕೊಡೋದು ರಸ್ತೆಗೆ, ವೇಗಕ್ಕಲ್ಲ.

ಟ್ಯಾಕ್ಸಿ ಅಣ್ಣ: ಸರ್ ನಮಸ್ತೆ. ನಾನು ಬೆಂಗಳೂರು–ಮೈಸೂರು ಟ್ಯಾಕ್ಸಿ ಓಡಿಸುತ್ತೇನೆ. ಓನರ್‌ಗೆ ಟ್ರಿಪ್ ಬೇಗ ಮುಗಿಯಬೇಕು. ಎಲ್ಲಾ ಕ್ಯಾಮೆರಾ ಬಾಯಿಪಾಠ. 125ರಲ್ಲಿ ಬರುತ್ತೇನೆ, ಕಂಬ ಕಂಡ ತಕ್ಷಣ ಬ್ರೇಕ್ ಒತ್ತಿ 95ಕ್ಕೆ ಇಳಿಸುತ್ತೇನೆ, ದಾಟಿದ ಮೇಲೆ ಮತ್ತೆ 125. ಇವತ್ತಿನವರೆಗೆ ಒಂದು ಚಲನ್ ಇಲ್ಲ. ಇದರಲ್ಲಿ ತೊಂದರೆ ಏನಾದರೂ ಇದೆಯಾ?

ಇಂಜಿನಿಯರ್: ಅಣ್ಣ, ನಿಮ್ಮ ಪ್ರಶ್ನೆ ಓದಿ ಗಾಬರಿಯಾಯಿತು. ನಿಧಾನವಾಗಿ ಓದಿ.

ಒಣ ರಸ್ತೆ, ಒಳ್ಳೆ ಟೈರ್ ಅಂತ ಇಟ್ಟುಕೊಳ್ಳೋಣ. ಮುಂದೆ ಏನೋ ಅಡ್ಡ ಬಂತು. ಕಣ್ಣಿಗೆ ಕಂಡು ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದೂವರೆ ಸೆಕೆಂಡ್. 100ರಲ್ಲಿ ಇದ್ದರೆ ಅಷ್ಟರಲ್ಲೇ ಕಾರು 42 ಮೀಟರ್ ಹೋಗಿರುತ್ತದೆ. ಪೂರ್ತಿ ನಿಲ್ಲೋಕೆ ಇನ್ನೂ 55 ಮೀಟರ್. ಒಟ್ಟು ಹತ್ತಿರ ಹತ್ತಿರ 97. ಈಗ ನಿಮ್ಮ 125 ತಗೊಳ್ಳಿ. ಅದೇ 97ನೇ ಮೀಟರ್‌ನಲ್ಲಿ, ಅಂದರೆ 100ರ ಕಾರು ನಿಂತುಬಿಟ್ಟ ಜಾಗದಲ್ಲಿ, ನಿಮ್ಮ ಕಾರಿನ ವೇಗ ಇನ್ನೂ 85ರ ಸುಮಾರು ಇರುತ್ತದೆ. ನೀವು ಬ್ರೇಕ್ ಒತ್ತಿಯೇ ಇರುತ್ತೀರಿ. ಆದರೂ 85. ಮಳೆ ಇದ್ದರೆ ಈ ಲೆಕ್ಕ ಇನ್ನೂ ಕೆಡುತ್ತದೆ.

ಎರಡನೇದು ಹಿಂದಿನವರು. ಕಂಬ ನಿಮಗೆ ಬಾಯಿಪಾಠ, ಅವರಿಗಲ್ಲ. ನೀವು ಕಾರಣವೇ ಇಲ್ಲದೆ 30 ಕಿಲೋಮೀಟರ್ ವೇಗ ಇಳಿಸಿದರೆ ಹಿಂದೆ ಅಂಟಿಕೊಂಡು ಬರುವ ಬಸ್ಸಿನವನು ಏನು ಮಾಡಬೇಕು? ಬ್ರಿಟನ್‌ನ ಕ್ಯಾಮೆರಾಗಳ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಬಂತು. ಕ್ಯಾಮೆರಾದಿಂದ 500 ಮೀಟರ್ ಒಳಗೆ ಅಪಘಾತ, ಸಾವು ಎರಡೂ ಚೆನ್ನಾಗಿ ಇಳಿದಿದ್ದವು. ಒಂದೂವರೆ ಕಿಲೋಮೀಟರ್ ಆಚೆ ಹೋದರೆ ಲಾಭ ಕರಗಿ, ಅಪಘಾತ ಮತ್ತೆ ಏರುವ ಲಕ್ಷಣ ಇತ್ತು. ನೀವು ಮಾಡುತ್ತಿರುವುದು ಅದನ್ನೇ. ಇದು ಒಂಟಿ ಕಂಬದ ಕ್ಯಾಮೆರಾದ ದೊಡ್ಡ ದೋಷ ಕೂಡ. ನನ್ನನ್ನು ಕೇಳಿದರೆ ಎರಡು ಕಂಬಗಳ ನಡುವೆ ಎಷ್ಟು ಹೊತ್ತು ತಗೊಂಡಿರಿ ಅಂತ ನೋಡಿ ಸರಾಸರಿ ವೇಗ ಲೆಕ್ಕ ಹಾಕುವ ವ್ಯವಸ್ಥೆಯೇ ಸರಿ. ಸ್ಕಾಟ್ಲೆಂಡಿನ ಎ9 ರಸ್ತೆಯಲ್ಲಿ 2014ರಿಂದ ಅದೇ ಇದೆ. ಅಲ್ಲಿ ಕಂಬದ ಹತ್ತಿರ ಬ್ರೇಕ್ ಒತ್ತಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿ ಉಳಿಸೋದು ಎಷ್ಟು? 119 ಕಿಲೋಮೀಟರ್ ಪೂರ್ತಿ 125ರಲ್ಲೇ ಹೋದರೂ 14 ನಿಮಿಷ. ನೀವು ಕಂಬಕ್ಕೊಂದು ಬ್ರೇಕ್ ಹಾಕುತ್ತೀರಿ, ಅದೂ ಉಳಿಯಲ್ಲ. ಇನ್ನೊಂದು ಮಾತು. 2024ರ ಆಗಸ್ಟ್‌ನಿಂದ 130 ದಾಟಿದರೆ ರಾಜ್ಯದಲ್ಲಿ ಎಫ್‌ಐಆರ್ ಹಾಕುತ್ತಾರೆ. ನಿಮಗೂ ಅದಕ್ಕೂ ನಡುವೆ ಇರುವುದು ಐದೇ ಕಿಲೋಮೀಟರ್. ಕೇಸು ಬೀಳೋದು ನಿಮ್ಮ ಮೇಲೆ, ಓನರ್ ಮೇಲಲ್ಲ.

ಒಂದು ಕೇಳಲಾ? ಹಿಂದಿನ ಸೀಟಿನವರು ಬೆಲ್ಟ್ ಹಾಕುತ್ತಾರಾ?

ಟ್ಯಾಕ್ಸಿ ಅಣ್ಣ: ಇಲ್ಲ ಸರ್. ಸೀಟ್ ಕವರ್ ಕೆಳಗೆ ಹೋಗಿಬಿಟ್ಟಿದೆ.

ಇಂಜಿನಿಯರ್: ನಾಳೆ ಟ್ರಿಪ್ ಹೊರಡುವ ಮುಂಚೆ ಆ ಕವರ್ ಕಿತ್ತು ಬೆಲ್ಟ್ ಹೊರಗೆ ತೆಗೆಯಿರಿ. ತಮಾಷೆಗೆ ಹೇಳುತ್ತಿಲ್ಲ.

ಶಿವಮೊಗ್ಗ ಸವಾರ: ನಂಬರ್ ಪ್ಲೇಟಿಗೆ ಹೇರ್ ಸ್ಪ್ರೇ ಹೊಡೆದರೆ, ಕನ್ನಡಿಗೆ ಹಳೇ ಸಿಡಿ ನೇತು ಹಾಕಿದರೆ ಕ್ಯಾಮೆರಾಗೆ ಕಾಣಲ್ವಂತೆ. ವಾಟ್ಸಾಪ್‌ನಲ್ಲಿ ಬಂತು. ನಿಜಾನಾ ಸರ್?

ಇಂಜಿನಿಯರ್: ಸುಳ್ಳು. ಸಿಡಿಯಿಂದ ಹಿಂದಿನವರ ಕಣ್ಣು ಕುಕ್ಕುತ್ತದೆ ಅಷ್ಟೇ. ಪ್ಲೇಟ್ ಮರೆ ಮಾಡಿದರೆ ಅದೇ ಇನ್ನೊಂದು ತಪ್ಪು. ಇಂಥವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಹಾಸನದ ಮೇಷ್ಟ್ರು: ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. ನೂರು ಕೋಟಿಗೂ ಜಾಸ್ತಿ ಬಂತು. 2025ರಲ್ಲಿ ಮತ್ತೆ ಕೊಟ್ಟರು. ಜೀವ ಉಳಿಸುವ ದಂಡಕ್ಕೆ ಆಷಾಢ ಸೇಲ್ ಯಾಕೆ ಸ್ವಾಮಿ?

ಇಂಜಿನಿಯರ್: ಮೇಷ್ಟ್ರೇ, ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಕಾದರೆ ಅರ್ಧಕ್ಕೆ ಮುಗಿಯುತ್ತದೆ ಅಂತ ಗೊತ್ತಾದ ಮೇಲೆ ದಂಡಕ್ಕೆ ಯಾರು ಹೆದರುತ್ತಾರೆ? ದಂಡದ ದುಡ್ಡು ಕ್ಯಾಮೆರಾ ಹಾಕುವವರ ಕೈಗೇ ಹೋದರೂ ಜನರಿಗೆ ಅನುಮಾನ ಬರುತ್ತದೆ. ಬ್ರಿಟನ್‌ನಲ್ಲಿ ಕೆಲವು ವರ್ಷ ಹಾಗೇ ಇತ್ತು, 2007ರಲ್ಲಿ ಆ ಪದ್ಧತಿ ಬಿಟ್ಟರು. ನಾನು ಒಂದೇ ಒಂದು ನೋಡುತ್ತೇನೆ. ಕ್ಯಾಮೆರಾ ಕೆಲಸ ಮಾಡುತ್ತಿದ್ದರೆ ಅಲ್ಲಿ ಬೀಳುವ ಚಲನ್ ವರ್ಷದಿಂದ ವರ್ಷಕ್ಕೆ ಕಮ್ಮಿಯಾಗಬೇಕು. ಅಷ್ಟೇ ಬೀಳುತ್ತಾ ಇದ್ದರೆ ಬೋರ್ಡ್ ಕಾಣುತ್ತಿಲ್ಲ, ಇಲ್ಲವೇ ಆ ಜಾಗಕ್ಕೆ ಮಿತಿ ಸರಿಯಿಲ್ಲ. ಅದನ್ನು ಸರಿ ಮಾಡದೆ ದುಡ್ಡು ಎಣಿಸಿಕೊಂಡು ಕೂತರೆ ಅದು ವಸೂಲಿಯೇ.

ಕೆಂಗೇರಿ ಕಾರು: ಅಬ್ಬಾ, ಒಪ್ಪಿಕೊಂಡರು!

ಕಬ್ಬಿನ ಗದ್ದೆ: ನಿಮಗೆ ಚಲನ್‌ದೇ ಚಿಂತೆ. ನಮ್ಮ ಮನೆ ಈ ಕಡೆ, ಗದ್ದೆ ಆ ಕಡೆ. ಬೈಕ್ ಬಿಡಲ್ಲ ಅಂದರು, ಸರಿ. ಅಂಡರ್‌ಪಾಸ್ ಮೂರು ಕಿಲೋಮೀಟರ್ ಸುತ್ತು. ವಯಸ್ಸಾದವರು ರಸ್ತೆಯನ್ನೇ ದಾಟುತ್ತಾರೆ. ಕ್ಯಾಮೆರಾ ಮಾತ್ರ ಯಾರೂ ದಾಟದ ನೇರ ರಸ್ತೆಯಲ್ಲಿ.

ಕೆಂಗೇರಿ ಕಾರು: ಬೇಲಿ ಕತ್ತರಿಸಿದ್ದು ಯಾರಪ್ಪಾ? ಕಾರಿನವರಾ?

ಕಬ್ಬಿನ ಗದ್ದೆ: ಬೇಲಿ ಹಾಕೋಕೆ ಮುಂಚೆ ದಾರಿ ಇತ್ತು. ನಿಮ್ಮಪ್ಪ ಮಾಡಿಸಿದ ರಸ್ತೆಯಾ ಅದು?

ಕೆಂಗೇರಿ ಕಾರು: ಅಪ್ಪನ ಸುದ್ದಿಗೆ ಬರಬೇಡಿ.

ಬಸವನಗುಡಿ ಅಮ್ಮ: ಯಾಕ್ರಪ್ಪಾ ಜಗಳ? ಸರ್, ಹೋದ ವರ್ಷ ಮಾರಿದ ಕಾರಿಗೆ ನನ್ನ ಹೆಸರಲ್ಲಿ ಚಲನ್ ಬಂದಿದೆ, ಏನು ಮಾಡಲಿ?

ಕೆಂಗೇರಿ ಕಾರು: ಹಳ್ಳಿಯವರು ನಿಯಮ ಪಾಲಿಸಿದ್ದರೆ ಅರ್ಧ ಸಾವು ಆಗುತ್ತಲೇ ಇರಲಿಲ್ಲ.

ಇಂಜಿನಿಯರ್: ತಪ್ಪು ಮಾತು. 2022ರಲ್ಲಿ ದೇಶದಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ನೂರಕ್ಕೆ 71 ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರದ ವರದಿ ಬರೆದಿದೆ. ಪೊಲೀಸರು ಎಲ್ಲವನ್ನೂ ಅತಿವೇಗದ ಖಾತೆಗೆ ಬರೆದುಬಿಡುತ್ತಾರೆ, ಅದು ನನಗೂ ಗೊತ್ತು. ಆದರೂ ಹಳ್ಳಿಯವರ ತಲೆಗೆ ಕಟ್ಟಬೇಡಿ. ಗದ್ದೆಯವರೇ, ಜನ ದಾಟುವ ಜಾಗಕ್ಕೆ ಕ್ಯಾಮೆರಾ ಮದ್ದಲ್ಲ. ಅಲ್ಲಿ 100 ಕೂಡ ಜಾಸ್ತಿಯೇ. ಮೇಲ್ಸೇತುವೆ ಬೇಕು. ಜಾಗದ ಫೋಟೋ, ದಿನಕ್ಕೆ ಎಷ್ಟು ಜನ ದಾಟುತ್ತಾರೆ ಅನ್ನುವ ಲೆಕ್ಕ ನನಗೆ ಕಳಿಸಿ. ಹೆದ್ದಾರಿ ಸಹಾಯವಾಣಿ 1033ಕ್ಕೂ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ.

ಹಾಸನದ ಮೇಷ್ಟ್ರು: ಚಲನ್ ತಿಂಗಳಾದ ಮೇಲೆ ಬಂದರೆ ಕಟ್ಟಬೇಕಾ?

ಇಂಜಿನಿಯರ್: 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮದಲ್ಲಿ ನೋಟಿಸ್ 15 ದಿನದೊಳಗೆ ಕಳಿಸಬೇಕು ಅಂತಿತ್ತು. ಕ್ಯಾಮೆರಾ ಇದೆ ಅಂತ ಮುಂಚೆಯೇ ಬೋರ್ಡ್ ಇರಬೇಕು, ಯಂತ್ರಕ್ಕೆ ವರ್ಷ ವರ್ಷ ಪ್ರಮಾಣಪತ್ರ ಬೇಕು ಅಂತಲೂ ಇದೆ. ಫೋಟೋದಲ್ಲಿ ಜಾಗ, ಸಮಯ, ವೇಗ ನೋಡಿ. ಮುಂದಿನದನ್ನು ವಕೀಲರನ್ನು ಕೇಳಿ, ನಾನು ವಕೀಲ ಅಲ್ಲ.

ಶಿವಮೊಗ್ಗ ಸವಾರ: ಸರ್ ಇನ್ನೊಂದು ಮೆಸೇಜ್. "ನಿಮ್ಮ ವಾಹನದ ಚಲನ್ ನೋಡಲು ಈ ಆ್ಯಪ್ ಹಾಕಿಕೊಳ್ಳಿ" ಅಂತ. ಫೈಲ್ ಇಲ್ಲೇ ಹಾಕಲಾ?

ಇಂಜಿನಿಯರ್: ಬೇಡ! ಮುಟ್ಟಬೇಡಿ, ಹಾಕಬೇಡಿ, ಯಾರಿಗೂ ಕಳಿಸಬೇಡಿ. ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್ ರೂಪದಲ್ಲಿ ಬರುವ ಚಲನ್ ಮೋಸ. ಒಮ್ಮೆ ಹಾಕಿಕೊಂಡರೆ ನಿಮ್ಮ ಓಟಿಪಿ ಅವರಿಗೆ ಹೋಗುತ್ತದೆ, ಖಾತೆ ಖಾಲಿ. ಚಲನ್ ನೋಡಬೇಕಾದರೆ ಸರ್ಕಾರದ ಪರಿವಾಹನ್ ತಾಣದ ವಿಳಾಸ ಕೈಯಾರೆ ಟೈಪ್ ಮಾಡಿ. ಈಗಾಗಲೇ ಹಾಕಿಕೊಂಡಿದ್ದರೆ ಇಂಟರ್ನೆಟ್ ಆಫ್ ಮಾಡಿ, ಬ್ಯಾಂಕಿಗೆ ಹೇಳಿ, ಇನ್ನೊಂದು ಫೋನಿನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೇರ್ ಸ್ಪ್ರೇ, ಸಿಡಿ, ಈಗ ಇದು. ಬಂದದ್ದನ್ನೆಲ್ಲ ಮುಂದೆ ತಳ್ಳಲೇಬೇಕಾ?

ಶಿವಮೊಗ್ಗ ಸವಾರ: ಕೇಳಿದ್ದೇ ತಪ್ಪಾಯ್ತಾ? ಸುಮ್ನೆ ರೇಗುತ್ತೀರಿ.

ಕೋಲಾರದ ಕೆಂಪು ಸ್ವಿಫ್ಟ್: 110ಕ್ಕೆ ಚಲನ್ ಬೀಳುತ್ತಾ ಸರ್?

ಇಂಜಿನಿಯರ್: ಮೇಲೆ ಹೇಳಿದ್ದೇನೆ.

ಕೆಂಗೇರಿ ಕಾರು: ಟೋಲ್ ಬಗ್ಗೆ ನೀವು ಸರಿಯಾಗಿ ಉತ್ತರ ಕೊಡಲೇ ಇಲ್ಲ.

ಇಂಜಿನಿಯರ್: ಕೊಟ್ಟಿದ್ದೇನೆ. ನಿಮಗೆ ಹಿಡಿಸಲಿಲ್ಲ, ಅಷ್ಟೇ.

ಟ್ಯಾಕ್ಸಿ ಅಣ್ಣ: ಸರ್, ಓನರ್‌ಗೆ ಫೋನ್ ಮಾಡಿ 14 ನಿಮಿಷದ ಲೆಕ್ಕ ಹೇಳಿದೆ. "ಹಾಗಾದರೆ 14 ನಿಮಿಷ ಬೇಗ ಹೊರಡು" ಅಂದರು. ಬೆಲ್ಟ್ ತೆಗೆದಿದ್ದೇನೆ. ಒಂದು ಕಡೆ ಕೊಂಡಿ ಮುರಿದಿದೆ, ಎಷ್ಟಾಗುತ್ತೆ?

ಇಂಜಿನಿಯರ್: ಬೆಲೆ ಗೊತ್ತಿಲ್ಲ. ಕಂಪನಿ ಸರ್ವಿಸ್ ಸೆಂಟರ್‌ನಲ್ಲೇ ಹಾಕಿಸಿ, ಫುಟ್‌ಪಾತ್ ಮಾಲು ಬೇಡ. ಸರಿ ಆಗುವ ತನಕ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.

ಅಡ್ಮಿನ್: ಅಪ್ಪ, ಅಮ್ಮ ಅಂತ ಹೋದ ಕಾಮೆಂಟ್‌ಗಳನ್ನು ತೆಗೆದಿದ್ದೇನೆ. ಇನ್ನು ಅರ್ಧ ಗಂಟೆ ಆದ ಮೇಲೆ ಕಾಮೆಂಟ್ ಬಂದ್.

ಕೋಲಾರದ ಕೆಂಪು ಸ್ವಿಫ್ಟ್: ಡ್ಯಾಶ್ ಕ್ಯಾಮ್ ಯಾವುದು ಒಳ್ಳೆಯದು, ಯಾರಾದರೂ ಹೇಳ್ತೀರಾ?