ಅಪ್‌ಡೇಟ್: ಆ 36 ಪ್ರಶ್ನೆಗಳನ್ನು ನಾವಿಬ್ಬರೂ ಕೇಳಿಕೊಂಡೆವು

ಮದುವೆಯಾಗಿ ಆರು ವರ್ಷವಾದರೂ ನಮ್ಮ ಮಾತೆಲ್ಲ ಬಿಲ್ಲು, ಕೆಲಸ, ನಾಳೆಯ ಓಡಾಟದಲ್ಲೇ ಮುಗಿಯುತ್ತದೆ, ಒಬ್ಬರನ್ನೊಬ್ಬರು ಇನ್ನೂ ಚೆನ್ನಾಗಿ ಅರಿಯಲು ಏನು ಕೇಳಬಹುದು ಎಂದು ಹಿಂದೆ ಕೇಳಿದ್ದೆ. ಜಾಸ್ತಿ ಜನ ಹೇಳಿದ್ದು ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಅವರ ತಂಡ 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳನ್ನು. 12ರಂತೆ ಮೂರು ಕಂತು. ಮೊದಲು ಹಗುರ, ಹೋಗುತ್ತಾ ಹೋಗುತ್ತಾ ಆಳ. ಪ್ರತಿಯೊಂದಕ್ಕೂ ಇಬ್ಬರೂ ಉತ್ತರಿಸಬೇಕು.

ಮೊದಲೆರಡು ಕಂತು ಬೇಗ ಮುಗಿದವು. 30ನೆಯ ಪ್ರಶ್ನೆ ಬಂತು: ಇನ್ನೊಬ್ಬರ ಮುಂದೆ ಕೊನೆಯ ಸಲ ಅತ್ತಿದ್ದು ಯಾವಾಗ? ಇವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಪ್ಪ ಹೋದಾಗಲೂ ಅಳಲಿಲ್ಲ ಕಣೇ. ಎಲ್ಲರಿಗೂ ನಾನೇ ಧೈರ್ಯ ಹೇಳಬೇಕಿತ್ತಲ್ವಾ" ಎಂದರು. ಆ ದಿನ ನಾನು ಪಕ್ಕದಲ್ಲೇ ಇದ್ದೆ. ಇವರದು ಗಟ್ಟಿ ಮನಸ್ಸು ಅಂದುಕೊಂಡಿದ್ದೆ. ಹೇಳುತ್ತಲೇ ಅತ್ತುಬಿಟ್ಟರು. ನಾನೂ ಅತ್ತೆ. ಆ ರಾತ್ರಿ ಮುಂದಿನ ಪ್ರಶ್ನೆಗೆ ಹೋಗಲೇ ಇಲ್ಲ.

ನೀವೂ ಮಾಡುವುದಾದರೆ, ಉತ್ತರ ಬಂದ ಕೂಡಲೇ ಸಲಹೆ ಕೊಡಬೇಡಿ. ನಾನು ಶುರುವಿನಲ್ಲಿ ಎರಡು ಸಲ ಕೊಟ್ಟೆ, ಇವರ ಮಾತು ಅಲ್ಲಿಗೇ ನಿಂತಿತು. ಸುಮ್ನೆ "ಆಮೇಲೆ?" ಅಂದರೆ ಸಾಕು.

ಉಳಿದ ಆರು ಪ್ರಶ್ನೆ ಈ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.