ಸುಮ್ಮನೆ ಕೂರುವ ಮಗುವಿಗೂ ಎಡಿಎಚ್‌ಡಿ ಇರುತ್ತದೆಯೇ? – ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನನ್ನ ಮಗಳಿಗೆ 11 ವರ್ಷ, ಆರನೇ ಕ್ಲಾಸು. ಪುಸ್ತಕ, ಟಿಫಿನ್ ಬಾಕ್ಸ್ ದಿನಾ ಮರೆತು ಬರುತ್ತಾಳೆ. ಶಾಲೆಯವರು ಹೇಳಿದರೆಂದು ವೈದ್ಯರಿಗೆ ತೋರಿಸಿದಾಗ ‘ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ), ಗಮನದ ಕೊರತೆಯೇ ಮುಖ್ಯವಾದ ಬಗೆ’ ಎಂದು ಬರೆದುಕೊಟ್ಟರು. ನಮ್ಮಣ್ಣನ ಮಗನಿಗೂ ಇದೇ ಇದೆ. ಎಂಟು ವರ್ಷದ ಅವನು ಒಂದು ಕಡೆ ನಿಲ್ಲುವವನಲ್ಲ. ನನ್ನ ಮಗಳೋ ಕೂರಿಸಿದಲ್ಲಿ ಕೂರುತ್ತಾಳೆ, ಚಿತ್ರ ಬರೆಯಲು ಕೂತರೆ ಎರಡು ಗಂಟೆ ಏಳುವುದಿಲ್ಲ. ‘ಸೋಮಾರಿತನಕ್ಕೂ ಒಂದು ಕಾಯಿಲೆ ಹೆಸರೇ’ ಎನ್ನುತ್ತಾರೆ ನಮ್ಮತ್ತೆ. ಒಂದೇ ತೊಂದರೆ ಇಷ್ಟು ಬೇರೆ ಬೇರೆಯಾಗಿ ಇರಲು ಸಾಧ್ಯವೇ? ಮಾತ್ರೆ ಕೊಡಲೇಬೇಕೆ?
– ಒಬ್ಬ ತಾಯಿ, ವಿಜಯನಗರ

ಸಹೋದರಿ, ಖಂಡಿತ ಸಾಧ್ಯ. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ನೋಡುವ ಡಿಎಸ್‌ಎಂ–5 ಕೈಪಿಡಿಯಲ್ಲಿ ಎಡಿಎಚ್‌ಡಿಗೆ ಲಕ್ಷಣಗಳ ಎರಡು ಪಟ್ಟಿಗಳಿವೆ, ಒಂದೊಂದರಲ್ಲೂ ಒಂಬತ್ತು. ಮೊದಲನೆಯದು ಗಮನದ್ದು: ಗೊತ್ತಿರುವುದರಲ್ಲೇ ತಪ್ಪು ಮಾಡುವುದು, ಓದಿನಲ್ಲೋ ಆಟದಲ್ಲೋ ಗಮನ ನಿಲ್ಲದಿರುವುದು, ಎದುರಿಗೇ ಮಾತಾಡಿದರೂ ಕೇಳಿಸಿಕೊಳ್ಳದಂತೆ ಇರುವುದು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಹೊಂದಿಸಿಕೊಳ್ಳಲಾಗದಿರುವುದು, ತಲೆಗೆ ಕೆಲಸವಿರುವುದನ್ನು ಮುಂದೂಡುವುದು, ವಸ್ತು ಕಳೆಯುವುದು, ಸಣ್ಣ ಸದ್ದಿಗೂ ಮನಸ್ಸು ಆಚೆ ಹೋಗುವುದು, ದಿನನಿತ್ಯದ್ದನ್ನೇ ಮರೆಯುವುದು. ಎರಡನೇ ಪಟ್ಟಿಯಲ್ಲಿ ಆರು ಅತಿಯಾದ ಚಟುವಟಿಕೆಯವು, ಮೂರು ದುಡುಕಿನವು. ಕೈಕಾಲು ಆಡಿಸುತ್ತಲೇ ಇರುವುದು, ಕೂತ ಜಾಗ ಬಿಟ್ಟೇಳುವುದು, ವಿಪರೀತ ಮಾತು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಸರದಿ ಕಾಯಲಾಗದಿರುವುದು ಇತ್ಯಾದಿ.

ಮೊದಲ ಪಟ್ಟಿಯಲ್ಲಿ ಮಾತ್ರ ಆರು ಅಥವಾ ಹೆಚ್ಚು ಲಕ್ಷಣಗಳಿದ್ದರೆ ನಿಮ್ಮ ಮಗಳ ಬಗೆ. ಎರಡನೆಯದರಲ್ಲಿ ಮಾತ್ರ ಇದ್ದರೆ ಅತಿಚಟುವಟಿಕೆ ಮತ್ತು ದುಡುಕಿನ ಬಗೆ. ಎರಡರಲ್ಲೂ ಆರಾರು ಇದ್ದರೆ ಮಿಶ್ರ. 17 ತುಂಬಿದವರಿಗೆ ಐದೈದು ಸಾಕು. ಆದರೆ ಎಣಿಕೆಯೊಂದೇ ಸಾಲದು. ಲಕ್ಷಣಗಳು ಆರು ತಿಂಗಳಿಂದ ಇರಬೇಕು, ಅವುಗಳಲ್ಲಿ ಹಲವು 12 ವರ್ಷದೊಳಗೇ ಕಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, ಓದು ಒಡನಾಟಕ್ಕೆ ನಿಜವಾದ ತೊಡಕಾಗಿರಬೇಕು. ಟ್ಯೂಷನ್‌ನಲ್ಲಿ ಮಾತ್ರ ಗಮನವಿಲ್ಲ, ಉಳಿದೆಲ್ಲ ಕಡೆ ಸರಿಯಿದ್ದಾಳೆ ಎಂದಾದರೆ ಮೊದಲು ಆ ಟ್ಯೂಷನ್ನನ್ನೇ ವಿಚಾರಿಸಬೇಕು.

ನಿಮ್ಮಣ್ಣನ ಮಗನನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಬರೀ ಅತಿಚಟುವಟಿಕೆಯ ಬಗೆ ಹೆಚ್ಚಾಗಿ ಕಾಣುವುದು ಶಾಲೆಗೆ ಸೇರುವ ಮೊದಲಿನ ವಯಸ್ಸಿನಲ್ಲಿ. ಬರೆಯುವ ಓದುವ ಕೆಲಸ ಹೆಚ್ಚಿದಂತೆ ಅದೇ ಮಕ್ಕಳಲ್ಲಿ ಗಮನದ ತೊಂದರೆಯೂ ಬಯಲಾಗಿ ಅನೇಕರದ್ದು ಮಿಶ್ರವಾಗುತ್ತದೆ. ಹದಿಹರೆಯದಲ್ಲಿ ಓಡಾಟ ತಗ್ಗಿ ಒಳಗಿನ ಚಡಪಡಿಕೆಯಾಗಿ ಉಳಿಯುತ್ತದೆ. ಹೀಗೆ ವಯಸ್ಸಿನೊಂದಿಗೆ ಬದಲಾಗುವುದರಿಂದಲೇ 2013ರಲ್ಲಿ ಬಂದ ಡಿಎಸ್‌ಎಂ–5 ಈ ಮೂರು ಬಗೆಗಳನ್ನು ಕಾಯಂ ವಿಧಗಳೆಂದು ಪರಿಗಣಿಸುವುದನ್ನು ಕೈಬಿಟ್ಟಿತು. ಗಲಾಟೆ ಮಾಡುವ ಮಗುವಿನ ಬಗ್ಗೆ ಶಾಲೆಯಿಂದ ಬೇಗ ಫೋನ್ ಬರುತ್ತದೆ. ಕಿಟಕಿ ಕಡೆ ನೋಡುತ್ತ ಕೂತ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಅವಳು ವರ್ಷಗಟ್ಟಲೆ ಬೈಸಿಕೊಳ್ಳುತ್ತಾಳೆಯೇ ಹೊರತು ಪರೀಕ್ಷೆಗೆ ಬರುವುದಿಲ್ಲ. ನಿಮ್ಮ ಮಗಳನ್ನು ಹನ್ನೊಂದಕ್ಕೇ ಗುರುತಿಸಿದ್ದಾರೆ, ಅದು ಅವಳಿಗೆ ಒಳ್ಳೆಯದೇ ಆಯಿತು.

ಚಿತ್ರದ ಎರಡು ಗಂಟೆ ಅವಳಿಗೆ ಎಡಿಎಚ್‌ಡಿ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಈ ಮಕ್ಕಳಲ್ಲಿ ಗಮನವೇ ಇಲ್ಲ ಎಂದಲ್ಲ, ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ ತಿರುಗಿಸುವುದು ಕಷ್ಟ. ಇಷ್ಟವಾದದ್ದು, ಕೂಡಲೇ ಫಲ ಕಾಣುವುದು ತಾನಾಗಿ ಹಿಡಿದಿಡುತ್ತದೆ. ಸಮಾಜ ವಿಜ್ಞಾನದ ನೋಟ್ಸ್ ಹಾಗೆ ಹಿಡಿದಿಡುವುದಿಲ್ಲ. ಅತ್ತೆಯವರಿಗೆ ಇದನ್ನು ಹೀಗೆಯೇ ಹೇಳಿ ನೋಡಿ: ಸೋಮಾರಿಗೆ ಮಾಡುವ ಮನಸ್ಸಿರುವುದಿಲ್ಲ, ಇವಳಿಗೆ ಮನಸ್ಸಿದ್ದೂ ಶುರುಮಾಡಲು ಆಗುವುದಿಲ್ಲ.

ಇನ್ನು, ಗಮನಕೊರತೆಯಂತೆ ಕಾಣುವ ಬೇರೆ ಕಾರಣಗಳನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಕಣ್ಣು, ಕಿವಿ, ರಕ್ತಹೀನತೆ, ಥೈರಾಯ್ಡ್. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾಳೆಯೇ? ಮೂಗಿನ ಹಿಂದಿರುವ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದಪ್ಪಗಾಗಿ ನಿದ್ದೆ ಕೆಡುತ್ತಿರಬಹುದು. ಆತಂಕವೂ ಹೀಗೇ ಕಾಣುತ್ತದೆ. ಒಂದನ್ನು ಮನೆಯಲ್ಲೇ ಗಮನಿಸಬಹುದು. ಅವಳು ಎಲ್ಲೋ ನೋಡುತ್ತ ಕೂತಾಗ ಭುಜ ಮುಟ್ಟಿ. ಗಮನ ಆಚೆ ಹೋಗಿದ್ದರೆ ಬೆಚ್ಚಿ ತಿರುಗುತ್ತಾಳೆ. ಮುಟ್ಟಿದರೂ ತಿಳಿಯದೆ ಐದು ಹತ್ತು ಸೆಕೆಂಡ್ ನೋಟ ನಿಂತು, ರೆಪ್ಪೆ ಅದುರಿ, ಆಮೇಲೆ ಏನೂ ಆಗದಂತೆ ಮಾತು ಮುಂದುವರಿಸಿದರೆ ಅದು ಬೇರೆ, ಒಂದು ಬಗೆಯ ಫಿಟ್ಸ್ ಇರಬಹುದು. ನರರೋಗ ತಜ್ಞರಿಗೆ ತೋರಿಸಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಬೇಕು. ಎರಡನೇ ಅಭಿಪ್ರಾಯ ಬೇಕೆನಿಸಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಹೋಗುವಾಗ ಎರಡು ಮೂರು ವರ್ಷದ ಮಾರ್ಕ್ಸ್ ಕಾರ್ಡ್, ಟೀಚರ್ ಷರಾ ಬರೆದ ಡೈರಿ, ತಪ್ಪುಗಳಿರುವ ನೋಟ್‌ಬುಕ್ ಒಯ್ಯಿರಿ. ‘ಗಮನ ಕೊಡಲ್ಲ’ ಎಂಬ ಮಾತಿಗಿಂತ ಆ ಪುಟಗಳಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ.
– ಮಕ್ಕಳ ಮನಃಶಾಸ್ತ್ರಜ್ಞೆ, ಜಯನಗರ

ಅವಳ ಗಣಿತದ ಒಂದು ಪುಟ ಬಿಡಿಸಿಟ್ಟುಕೊಂಡು ನೋಡಿ. ಮೊದಲ ಮೂರು ಲೆಕ್ಕ ಸರಿ, ನಾಲ್ಕನೆಯದರಲ್ಲಿ ಕೂಡುವ ಬದಲು ಕಳೆದಿದ್ದಾಳೆ, ಆರನೆಯದು ಬಿಟ್ಟೇಹೋಗಿದೆ, ಹಾಳೆಯ ಹಿಂಬದಿ ಪ್ರಶ್ನೆಗಳಿದ್ದುದೇ ನೋಡಿಲ್ಲ. ಕೇಳಿದರೆ ಬಾಯಲ್ಲಿ ಸರಿ ಉತ್ತರ ಹೇಳುತ್ತಾಳೆ. ಇದು ಗಮನ ಜಾರಿದ ಗುರುತು. ಕನ್ನಡ ಉಕ್ತಲೇಖನದಲ್ಲೂ ಹಾಗೇ: ಒಂದು ಸಾಲಿನಲ್ಲಿ ಸರಿಯಾಗಿ ಬರೆದ ಒತ್ತಕ್ಷರ ಮುಂದಿನ ಸಾಲಿನಲ್ಲಿ ಮಾಯ. ಅದರ ಬದಲು ಬೆಳಿಗ್ಗೆ ಬರೆಸಿದರೂ ಸಂಜೆ ಬರೆಸಿದರೂ ಒತ್ತಕ್ಷರಗಳಲ್ಲಿ ಒಂದೇ ಥರದ ತಪ್ಪು, ಓದುವಾಗ ಅಕ್ಷರ ಅಕ್ಷರ ಕೂಡಿಸುವ ಕಷ್ಟ ಇದ್ದರೆ ಕಲಿಕಾ ನ್ಯೂನತೆಯೂ ಜೊತೆಗಿರಬಹುದು. ಎರಡೂ ಒಟ್ಟಿಗಿರುವುದು ಸಾಮಾನ್ಯ. ಆ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯ ಹೆಸರಿದೆ, ಎಡಿಎಚ್‌ಡಿಯದು ಇಲ್ಲ. ಮುಂದೆ ಪರೀಕ್ಷೆಯಲ್ಲಿ ರಿಯಾಯಿತಿ ಕೇಳುವಾಗ ಇದು ಮುಖ್ಯವಾಗುತ್ತದೆ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಮಾತು ಹೇಳಿ. ‘ಯೂನಿಫಾರಂ ತೆಗೆದಿಟ್ಟು ಕೈಕಾಲು ತೊಳ್ಕೊಂಡು ಡೈರಿ ತಗೊಂಡು ಬಾ’ ಎಂದರೆ ಅವಳಿಗೆ ಉಳಿಯುವುದು ಕೊನೆಯದೊಂದೇ, ಅದೂ ಉಳಿದರೆ. ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಹೋಗಿ ಹೇಳಿ, ಅವಳ ಬಾಯಲ್ಲಿ ಮತ್ತೆ ಹೇಳಿಸಿ. ಹೋಮ್‌ವರ್ಕ್ 15 ನಿಮಿಷದ ತುಂಡುಗಳಾಗಲಿ, ನಡುವೆ ಐದು ನಿಮಿಷ ಓಡಾಟ. ಆ ಐದು ನಿಮಿಷಕ್ಕೆ ಮೊಬೈಲ್ ಕೊಟ್ಟರೆ ಮತ್ತೆ ಪುಸ್ತಕಕ್ಕೆ ಕರೆತರುವುದು ಕಷ್ಟ. ಲೆಕ್ಕದ ಹಾಳೆ ಮಡಚಿ ನಾಲ್ಕೇ ಕಾಣುವಂತೆ ಮಾಡಿ. ಬ್ಯಾಗ್ ರಾತ್ರಿಯೇ ಸಿದ್ಧವಾಗಲಿ, ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಅದು ಆಗದ ಕೆಲಸ. ಬಾಗಿಲ ಹಿಂದೆ ಐದಾರು ವಸ್ತುಗಳ ಚಿತ್ರ ಅಂಟಿಸಿ. ಚಿತ್ರ ಅವಳೇ ಬರೆಯಲಿ.

ಕ್ಲಾಸ್ ಟೀಚರ್ ಹತ್ತಿರ ಕೇಳಬೇಕಾದದ್ದು ಇಷ್ಟೇ: ಕಿಟಕಿ ಬಾಗಿಲಿಂದ ದೂರ ಮುಂದಿನ ಸಾಲು, ಹಾಗೂ ದಿನದ ಚೀಟಿ. ಚೀಟಿಯಲ್ಲಿ ಎರಡು ಮೂರೇ ಗುರಿಗಳು, ‘ಹೋಮ್‌ವರ್ಕ್ ಡೈರಿಯಲ್ಲಿ ಬರೆದುಕೊಂಡಳು’ ಎನ್ನುವಂಥವು. ಟೀಚರ್ ಟಿಕ್ ಹಾಕಿದರೆ ಅದೇ ಸಂಜೆ ಮನೆಯಲ್ಲಿ ಸಣ್ಣ ಬಹುಮಾನ. ತಿಂಗಳ ಕೊನೆಗೆ ಸೈಕಲ್ ಎಂಬ ಆಸೆ ಈ ಮಕ್ಕಳಿಗೆ ನಾಟುವುದಿಲ್ಲ, ಅಷ್ಟು ದೂರದ ಫಲ ಇವತ್ತಿನ ಕೆಲಸಕ್ಕೆ ಬಲ ಕೊಡುವುದಿಲ್ಲ. ಬಹುಮಾನದ ಪಟ್ಟಿ ಕೆಲವು ವಾರಕ್ಕೇ ಹಳಸುತ್ತದೆ. ಆಗ ಬಿಟ್ಟುಬಿಡದೆ ಬಹುಮಾನ ಬದಲಿಸಿ. ಗಳಿಸಿದ ಟಿಕ್ ಸಿಟ್ಟಿನಲ್ಲಿ ಕಿತ್ತುಕೊಳ್ಳಬೇಡಿ.
– ವಿಶೇಷ ಶಿಕ್ಷಕಿ, ಮಲ್ಲೇಶ್ವರ

ಮಾತ್ರೆಯ ಪ್ರಶ್ನೆ. ಆರು ವರ್ಷದ ಕೆಳಗಿನ ಮಕ್ಕಳಿಗೆ ಮೊದಲು ಪೋಷಕರ ತರಬೇತಿಯೇ ಚಿಕಿತ್ಸೆ. ನಿಮ್ಮ ಮಗಳ ವಯಸ್ಸಿಗೆ, ಶಾಲೆ ಮತ್ತು ಮನೆಯ ಮಾರ್ಪಾಡಿನ ನಂತರವೂ ತೊಡಕು ಉಳಿದಿದ್ದರೆ ಮಾತ್ರೆ ಒಳ್ಳೆಯ ಆಯ್ಕೆ. ಸುಮ್ಮನಿರುವ ಬಗೆ ಎಂದು ಅದನ್ನು ಹಗುರವಾಗಿ ನೋಡಬೇಕಿಲ್ಲ. ಎಡಿಎಚ್‌ಡಿಗೆ ಹೆಚ್ಚಾಗಿ ಕೊಡುವ ಮೀಥೈಲ್‌ಫೆನಿಡೇಟ್ ಅರ್ಧ ಒಂದು ಗಂಟೆಯಲ್ಲಿ ಕೆಲಸ ಶುರುಮಾಡುತ್ತದೆ, ಸಾಮಾನ್ಯ ಮಾತ್ರೆಯ ಪರಿಣಾಮ ಮೂರು ನಾಲ್ಕು ಗಂಟೆ. ಕಡಿಮೆ ಪ್ರಮಾಣದಿಂದ, ಹೆಚ್ಚಾಗಿ 5 ಮಿಲಿಗ್ರಾಂನಿಂದ ಆರಂಭಿಸಿ ವೈದ್ಯರು ವಾರವಾರ ಏರಿಸುತ್ತಾರೆ. ಹಸಿವು ತಗ್ಗುತ್ತದೆ, ಆದ್ದರಿಂದ ತಿಂಡಿ ಹೊಟ್ಟೆ ತುಂಬ ಆದಮೇಲೆ ಮಾತ್ರೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬಂದರೆ ರಾತ್ರಿ ಊಟ ಗಟ್ಟಿಯಾಗಿರಲಿ. ಸಂಜೆ ಕೊಟ್ಟರೆ ನಿದ್ದೆ ಬರುವುದಿಲ್ಲ. ಪರಿಣಾಮ ಇಳಿಯುವ ಹೊತ್ತಿಗೆ ಸ್ವಲ್ಪ ಹೊತ್ತು ಸಿಡುಕು ಕಾಣಬಹುದು, ಅದನ್ನು ವೈದ್ಯರಿಗೆ ಹೇಳಿ. ಶುರುಮಾಡುವ ಮುಂಚೆ ಮತ್ತು ಆಮೇಲೂ ಎತ್ತರ, ತೂಕ, ನಾಡಿ, ಬಿಪಿ ನೋಡಿಸಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗವಿದ್ದರೆ ಮೊದಲೇ ತಿಳಿಸಿ. ಆಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧ ನಿಧಾನ, ಗುಣ ಕಾಣಲು ವಾರಗಳೇ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರೇ ಹೆಚ್ಚು.

ಎಡಿಎಚ್‌ಡಿ ವಂಶಪಾರಂಪರ್ಯವಾಗಿ ಬರುವುದು ಹೆಚ್ಚು. ನಿಮಗೋ ಯಜಮಾನರಿಗೋ ಬಿಲ್ ಕಟ್ಟುವುದು, ಕೀಲಿ ಇಟ್ಟ ಜಾಗ ಸದಾ ಮರೆಯುವುದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮಾತ್ರೆಯ ಜವಾಬ್ದಾರಿ ಮನೆಯಲ್ಲಿ ಮರೆವು ಕಡಿಮೆ ಇರುವವರಿಗಿರಲಿ.
– ಮನೋವೈದ್ಯ, ಬಸವೇಶ್ವರನಗರ

ಒಂದು ಸಣ್ಣ ವಿಷಯ. ಮೀಥೈಲ್‌ಫೆನಿಡೇಟ್ ‘ಶೆಡ್ಯೂಲ್ ಎಕ್ಸ್’ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಂತ್ರಣವಿರುವ ಪಟ್ಟಿಯದು. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಂಡು ಎರಡು ವರ್ಷ ಕಾಪಾಡಬೇಕು. ಇದನ್ನಿಡಲು ಪ್ರತ್ಯೇಕ ಲೈಸೆನ್ಸ್ ಬೇಕಾದ್ದರಿಂದ ಬೀದಿ ಬೀದಿಯ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ನಡೆಯುವುದಿಲ್ಲ. ಎಲ್ಲಿ ಸಿಗುತ್ತದೆಂದು ವೈದ್ಯರನ್ನೇ ಕೇಳಿಕೊಂಡು ಬನ್ನಿ, ಮಾತ್ರೆ ಮುಗಿಯಲು ಒಂದು ವಾರವಿರುವಾಗಲೇ ಹೊಸ ಚೀಟಿ ಬರೆಸಿಕೊಳ್ಳಿ.
– ಫಾರ್ಮಸಿಸ್ಟ್, ಹನುಮಂತನಗರ