ಹೊಸ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ಹಾಕಿಸಿದರೆ ಗಾಡಿ ಜಾಸ್ತಿ ಎಳೆಯುತ್ತಾ?

ಪ್ರಶ್ನೆ (ಬಳ್ಳಾರಿ): ಅಣ್ಣ, ನಮಸ್ಕಾರ. ನನ್ನದು 1.0 ಲೀಟರ್ ಟರ್ಬೊ ಪೆಟ್ರೋಲ್ ಕಾರು, 2021ರದು, ಬಿಎಸ್6. ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಆಗಿದೆ, ಏರ್ ಫಿಲ್ಟರ್ ಬದಲಾಗಿದೆ, ಹಿಂದಿನ ಸೈಲೆನ್ಸರ್ ಫ್ರೀ ಫ್ಲೋ. ಈಗ ಒಬ್ಬರು ಕಂಪನಿ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಹೊರಗಿನ ಹೈ ಫ್ಲೋ ಹಾಕಿಸು, 15 ಹಾರ್ಸ್‌ಪವರ್ ಜಾಸ್ತಿ ಬರುತ್ತೆ ಅಂತಿದ್ದಾರೆ. ರೇಟೂ ಕಮ್ಮಿನೇ. ಹಾಕಿಸಲಾ?

ಉತ್ತರ: 15 ಬರಲ್ಲ ತಮ್ಮಾ. ದುಡ್ಡು ಕೊಟ್ಟ ಮೇಲೆ ಬೇಜಾರಾಗೋದು ಬೇಡ ಅಂತ ಮೊದಲೇ ಹೇಳ್ತಿದ್ದೇನೆ. ಕ್ಯಾಟ್ ಇರೋದು ಹೊಗೆಯಲ್ಲಿನ ವಿಷ ತೆಗೆಯೋಕೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಕಂಪನಿಯದರಲ್ಲಿ ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400ರಿಂದ 600, ಹೈ ಫ್ಲೋದಲ್ಲಿ 200ರ ಆಸುಪಾಸು. ತೂತು ದೊಡ್ಡದಾದರೆ ಹೊಗೆ ಸಲೀಸಾಗಿ ಹೋಗುತ್ತೆ, ನಿಜ. ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬೋ ಚಕ್ರ) ಇಲ್ಲದ ಕಾರಲ್ಲಿ ಆ ಫರಕು ಓಡಿಸುವವರಿಗೆ ಗೊತ್ತೇ ಆಗಲ್ಲ. ನಿನ್ನದರಲ್ಲಿ ಸ್ವಲ್ಪ ಗೊತ್ತಾಗಬಹುದು, ಯಾಕಂದರೆ ಟರ್ಬೊ ದಾಟಿದ ಮೇಲೆ ಒತ್ತಡ ಕಮ್ಮಿ ಇದ್ದಷ್ಟೂ ಅದು ಬೇಗ ತಿರುಗುತ್ತೆ, ಆದರೆ ಮ್ಯಾಪನ್ನೂ ಅದಕ್ಕೆ ತಕ್ಕಂತೆ ಮತ್ತೆ ಬರೆಸಬೇಕು. ಟರ್ಬೊ ಕಂಪನಿಯದೇ ಇರೋವರೆಗೆ ಆ ಚಿಕ್ಕ ಎಂಜಿನ್‌ಗೆ ಈಗಿರೋ ಕ್ಯಾಟೇ ಸಾಕು.

ರೇಟು ಕಮ್ಮಿ ಅಂದೆಯಲ್ಲ, ನನಗೆ ಭಯ ಇರೋದು ಅಲ್ಲೇ. ಕ್ಯಾಟ್‌ನ ಬೆಲೆಯೆಲ್ಲ ಒಳಗೆ ಸವರಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನದು. ಅಗ್ಗದ ಮಾಲಿನಲ್ಲಿ ಆ ಲೇಪ ತೆಳು. ಸ್ವಲ್ಪ ದಿನ ಓಡಿದ ಮೇಲೆ ಕ್ಯಾಟ್ ದಾಟಿದ ಮೇಲಿರುವ ಆಕ್ಸಿಜನ್ ಸೆನ್ಸಾರ್ ಅದನ್ನು ಹಿಡಿಯುತ್ತೆ, ಚೆಕ್ ಎಂಜಿನ್ ಲೈಟ್ ಹತ್ತುತ್ತೆ, ಸ್ಕ್ಯಾನರ್ ಹಾಕಿದರೆ ಪಿ0420, ಅಂದರೆ ಕ್ಯಾಟ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಕೋಡ್ ತೋರಿಸುತ್ತೆ. ಆಗ ಸೆನ್ಸಾರನ್ನು ಹೊಗೆಯಿಂದ ದೂರ ಸರಿಸೋ ಸ್ಪೇಸರ್ ಅನ್ನೋ ತುಂಡು ಕೂರಿಸಿ ಲೈಟ್ ಆರಿಸಿಕೊಡ್ತೀವಿ ಅಂತಾರೆ. ದಯವಿಟ್ಟು ಒಪ್ಪಬೇಡ, ಹೊಗೆ ಹಾಗೇ ಇರುತ್ತೆ, ಲೈಟ್ ಮಾತ್ರ ಆರಿರುತ್ತೆ.

ಪ್ರಶ್ನೆ (ಕೊಪ್ಪಳ): ಸರ್, ನನ್ನದು 2012ರ ಪೆಟ್ರೋಲ್ ಕಾರು, ಟರ್ಬೊ ಇಲ್ಲ. ಸಂಡೂರು ಘಾಟಲ್ಲಿ ಎರಡನೇ ಗೇರ್ ಬಿಡೋಕೆ ಆಗ್ತಿಲ್ಲ, ಹೈವೇಲಿ 80 ದಾಟಲ್ಲ. ಕ್ಯಾಟ್ ಹೋಗಿದೆ ಅಂದರು. ಬದಲಾಯಿಸಿದರೆ ಪಿಕಪ್ ಬರುತ್ತಾ?

ಉತ್ತರ: ನಿಜವಾಗಿ ಬ್ಲಾಕ್ ಆಗಿದ್ದರೆ ಖಂಡಿತ ಬರುತ್ತೆ, ಕಳೆದುಕೊಂಡಿದ್ದಷ್ಟು ವಾಪಸ್ ಬರುತ್ತೆ. ಆದರೆ ಸುಮ್ನೆ ಊಹೆ ಮೇಲೆ ಬಿಚ್ಚಿಸಬೇಡಿ. ಕ್ಯಾಟ್‌ಗಿಂತ ಮೊದಲು, ಎಂಜಿನ್ ಕಡೆ ಇರುವ ಆಕ್ಸಿಜನ್ ಸೆನ್ಸಾರ್ ತೆಗೆದು ಆ ತೂತಿಗೆ ಪ್ರೆಶರ್ ಗೇಜ್ ಹಾಕಿಸಿ. 2500 ಆರ್‌ಪಿಎಂನಲ್ಲಿ ಒತ್ತಡ 3 ಪಿಎಸ್‌ಐ ದಾಟಿದರೆ ಅಲ್ಲಿಂದ ಮುಂದೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ.

ಹೋದ ಬೇಸಿಗೆಯಲ್ಲಿ ನಮ್ಮ ಗ್ಯಾರೇಜಿಗೆ ಇದೇ ತೊಂದರೆಯ ಕಾರು ಬಂದಿತ್ತು. ಕ್ಯಾಟ್ ಬಿಚ್ಚಿ ಟಾರ್ಚ್ ಬಿಟ್ಟೆ, ಆ ಕಡೆಯಿಂದ ಬೆಳಕೇ ಬರಲಿಲ್ಲ. ಜೇನುಗೂಡು ನಡುವೆ ಕರಗಿ, ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಮುಚ್ಚಿಕೊಂಡಿತ್ತು. ಕಾರಣ, ಪ್ಲಗ್‌ಗೆ ಕರೆಂಟ್ ಕೊಡೋ ಒಂದು ಇಗ್ನಿಷನ್ ಕಾಯಿಲ್ ಕೆಟ್ಟಿದ್ದು. ಮಿಸ್‌ಫೈರ್ ಆಗ್ತಿದ್ದರೂ ಅವರು ಎರಡು ತಿಂಗಳು ಹಾಗೇ ಓಡಿಸಿದ್ದರು. ಎಂಜಿನ್ನಲ್ಲಿ ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಸುಡುತ್ತೆ, ಆ ಕಾವು ತಡೆಯೋಕಾಗಲ್ಲ. ಹಾಗಾಗಿ ಮೊದಲು ಪ್ಲಗ್, ಕಾಯಿಲ್ ನೋಡಿಸಿ, ಇಲ್ಲಾಂದ್ರೆ ಹೊಸ ಕ್ಯಾಟೂ ಅದೇ ದಾರಿ ಹಿಡಿಯುತ್ತೆ.

ಪ್ರಶ್ನೆ (ರಾಯಚೂರು): ಕ್ಯಾಟ್ ಒಳಗಿನದ್ದು ಒಡೆದು ಖಾಲಿ ಡಬ್ಬಿ ಮಾಡಿಸಿದರೆ ಆಗಲ್ವಾ?

ಉತ್ತರ: ಬೇಡಪ್ಪ. ಕಾರ್ಬನ್ ಮೊನಾಕ್ಸೈಡ್ ಹಾಗೇ ಹೊರಗೆ ಬರುತ್ತೆ, ಮುಚ್ಚಿದ ಶೆಡ್ಡಲ್ಲಿ ಗಾಡಿ ಸ್ಟಾರ್ಟ್ ಇಟ್ಟರೆ ಜೀವಕ್ಕೇ ಅಪಾಯ. ಮೋಟಾರು ವಾಹನ ಕಾಯ್ದೆ ಪ್ರಕಾರ ಮಾಲಿನ್ಯದ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ ಕಡೆ ಹತ್ತಿ ಹೊಲ ಜಾಸ್ತಿ ಅಲ್ವಾ, ಇನ್ನೊಂದು ಮಾತು: ಚೆನ್ನಾಗಿರೋ ಕ್ಯಾಟೂ ನೂರಾರು ಡಿಗ್ರಿ ಕಾಯುತ್ತೆ. ಓಡಿಸಿಕೊಂಡು ಬಂದ ಗಾಡಿಯನ್ನು ಒಣ ಹತ್ತಿಕಟ್ಟಿಗೆ, ಹುಲ್ಲಿನ ಮೇಲೆ ನಿಲ್ಲಿಸಬೇಡಿ.